ನೆಗ್ಗು ಇರಲಿ, ತುಕ್ಕು ಹೋಗಲಿ

ನಮ್ಮ ಸಕಲೇಶಪುರದ ಕಡೆ ಜೂನ್ ತಿಂಗಳು ಬಂತೆಂದರೆ ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕತ್ತಿ ಗುದ್ದಲಿಗಳನ್ನು ಒಂದು ವಾರ ಮುಟ್ಟದಿದ್ದರೆ ಕೆಂಪಗಾಗುತ್ತವೆ. ಇಂಥ ಊರಿನಲ್ಲಿ ಐವತ್ತು ವರ್ಷ ದಾಟಿದ ಜೀಪನ್ನು ಉಳಿಸಿಕೊಳ್ಳುವುದೆಂದರೆ ಮಳೆಯ ಜೊತೆ ಪಂದ್ಯ ಕಟ್ಟಿದ ಹಾಗೆ. ಹೋದ ಬೇಸಿಗೆ ರಜೆಯಲ್ಲಿ ಆ ಪಂದ್ಯಕ್ಕೆ ನಾನು, ಏಳನೇ ತರಗತಿಯ ನನ್ನ ಮೊಮ್ಮಗಳು ಮತ್ತು ಆಲೂರಿನಿಂದ ಬಂದ ಟಿಂಕರಿಂಗ್ ಮೇಸ್ತ್ರಿ ಇಳಿದೆವು.

ಜೀಪು ನಮ್ಮ ಮಾವನವರು 1969ರಲ್ಲಿ ಕೊಂಡದ್ದು. ಅದರ ನಂಬರು ಶುರುವಾಗುವುದೇ ‘ಎಂವೈ’ ಎಂದು. ಆಗ ನಮ್ಮ ರಾಜ್ಯದ ಹೆಸರು ಮೈಸೂರು; ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಮಹೀಂದ್ರ ಕಂಪೆನಿಯವರು ಅಮೆರಿಕದ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು. ಯುದ್ಧಕ್ಕೆಂದು ಹುಟ್ಟಿದ ಆ ಗಾಡಿ ನಮ್ಮ ಗುಡ್ಡಗಳಿಗೆ ಬಂದು ಕಾಫಿ ಮೂಟೆ ಹೊತ್ತಿತು, ದಿಬ್ಬಣ ಹೊತ್ತಿತು, ರೋಗಿಗಳನ್ನು ಹೊತ್ತಿತು. ಬಸ್ಸು ಬಾರದ ಎಷ್ಟೋ ಊರುಗಳಿಗೆ ಅದೇ ಬಸ್ಸು, ಅದೇ ಆಂಬುಲೆನ್ಸು.

ನಮ್ಮ ಮನೆಯವರು ತೀರಿಕೊಂಡ ಮೇಲೆ ಮೂರು ಮಳೆಗಾಲ ಅದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಗುಜರಿಯವನು ಬಂದು ಸುತ್ತಲೂ ನೋಡಿ, ಟೈರಿಗೆ ಒಂದು ಒದ್ದು, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಬೆಂಗಳೂರಿನಿಂದ ಮಗ ಫೋನಿನಲ್ಲಿ, “ಕೊಟ್ಟುಬಿಡಮ್ಮ, ಇನ್ನು ಯಾರು ಓಡಿಸ್ತಾರೆ?” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದಲ್ಲೇ ಕೂತಿದ್ದ ಅವನ ಮಗಳು, “ತಾತನ ಜೀಪನ್ನ ತೂಕಕ್ಕೆ ಹಾಕ್ತೀಯಾ ಅಜ್ಜಿ?” ಎಂದು ಕೇಳಿದಳು. ಗುಜರಿಯವನು ಕಾಫಿ ಕುಡಿದು ಬರಿಗೈಲಿ ಹೋದ.

ಮೇಸ್ತ್ರಿ ಬಂದವರೇ ಸಣ್ಣ ಸುತ್ತಿಗೆ ಹಿಡಿದು ಜೀಪನ್ನು ಅಂಗುಲ ಅಂಗುಲ ಬಡಿಯುತ್ತಾ ಹೋದರು. ಒಳ್ಳೆಯ ತಗಡು ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ದಬ್ ಎನ್ನುತ್ತದೆ, ಕೊಳೆತ ಕುಂಬಳಕಾಯಿಯನ್ನು ತಟ್ಟಿದ ಹಾಗೆ. ದಬ್ ಎಂದಲ್ಲೆಲ್ಲ ಮೊಮ್ಮಗಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಸಂಜೆಗೆ ಜೀಪಿನ ತುಂಬ ಬಿಳಿ ಸುತ್ತುಗಳು. ಹೊರಗಿನಿಂದ ನೋಡಿದರೆ ಅಲ್ಲೆಲ್ಲ ಬಣ್ಣ ನೆಟ್ಟಗೇ ಇತ್ತು!

ತುಕ್ಕಿನ ಕಳ್ಳತನವೇ ಅದು. ಡ್ರೈವರ್ ಕಾಲಿಡುವ ಜಾಗ, ಹಿಂದಿನ ಚಕ್ರದ ಮೇಲಿನ ಮೂಲೆ, ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದು, ಹೀಗೆ ನೀರು ನಿಲ್ಲುವಲ್ಲಿ ಒಳಗಿಂದ ಶುರುವಾಗುತ್ತದೆ. ಜೀಪಿನ ತಳದಲ್ಲಿ ನೀರು ಹರಿದುಹೋಗಲೆಂದೇ ತೂತುಗಳಿರುತ್ತವೆ. ನಮ್ಮದರಲ್ಲಿ ತೋಟದ ಮಣ್ಣು, ಸಿಲ್ವರ್ ಮರದ ಎಲೆ ಸೇರಿ ಗೊಬ್ಬರವಾಗಿ ಅವೆಲ್ಲ ಮುಚ್ಚಿಹೋಗಿದ್ದವು. ಚಾಪೆ ಎತ್ತಿದರೆ ಒಂದು ಕಡೆ ಜರೀಗಿಡವೇ ಹುಟ್ಟಿತ್ತು. ಇನ್ನೊಂದು ಕಡೆ ಪುಟ್ಟಿಯನ್ನು ಕೆರೆದಾಗ ಒಳಗೆ ಎಣ್ಣೆ ಡಬ್ಬದ ತಗಡೊಂದು ಸಿಕ್ಕಿತು. ಎಂದೋ ಯಾವುದೋ ಗ್ಯಾರೇಜಿನಲ್ಲಿ ತೂತಿನ ಮೇಲೆ ಅದನ್ನಿಟ್ಟು, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು. ಅದರ ಹಿಂದೆ ಕಬ್ಬಿಣವೇ ಇರಲಿಲ್ಲ, ಕೆಂಪು ಪುಡಿ ಮಾತ್ರ.

ಮೊಮ್ಮಗಳು ತನ್ನ ವಿಜ್ಞಾನ ಪುಸ್ತಕ ತಂದಳು. ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರೂ ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಆಗದು. ನೋಡೇಬಿಡೋಣವೆಂದು ಮೂರು ಗಾಜಿನ ಬಾಟಲಿಯಲ್ಲಿ ಮೊಳೆ ಹಾಕಿದಳು. ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಕಾಯಿಸಿ ಆರಿಸಿದ ನೀರು ಮತ್ತು ಅದರ ಮೇಲೆ ಎಣ್ಣೆ, ಮೂರನೆಯದರಲ್ಲಿ ಬರೀ ಒಣ ಗಾಳಿ. ಕೆಲವೇ ದಿನಗಳಲ್ಲಿ ಮೊದಲಿನದು ಕೆಂಪಾಯಿತು. ಮಕ್ಕಳೇ, ನೀವೂ ಮಾಡಿ ನೋಡಬಹುದು, ಖರ್ಚಿಲ್ಲ.

ಹಿತ್ತಾಳೆ ತಾಮ್ರದ ಪಾತ್ರೆಗೂ ಕಿಲುಬು ಬರುತ್ತದಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನಾನು ಕೇಳಿದೆ. ತಾಮ್ರದ ಕಿಲುಬು ಮೈಗಂಟಿಕೊಂಡು ಒಳಗಿನ ಲೋಹವನ್ನು ಸುಮಾರಾಗಿ ಕಾಯುತ್ತದೆ. ತುಕ್ಕು ಹಾಗಲ್ಲ. ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಹಿಡಿಯುತ್ತದೆ, ಉಬ್ಬಿ ಬಣ್ಣವನ್ನು ಎಬ್ಬಿಸುತ್ತದೆ, ಹಪ್ಪಳದಂತೆ ಉದುರಿ ಒಳಗಿನ ಪದರಕ್ಕೆ ದಾರಿ ಬಿಡುತ್ತದೆ. ಅಜ್ಜಿಯಂದಿರು ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ನೆನಪಿದೆಯೇ? ಅಲ್ಲಿ ತವರ, ಜಿಂಕ್ ಶೀಟಿನಲ್ಲಿ ಸತು. ಉಪಾಯ ಒಂದೇ: ಒಳಗಿನದಕ್ಕೆ ಗಾಳಿ ನೀರು ತಾಗದಂತೆ ಹೊದಿಕೆ. ಸತುವಿಗೆ ಇನ್ನೊಂದು ಗುಣವುಂಟು, ಎಲ್ಲಾದರೂ ಗೀರು ಬಿದ್ದರೆ ಕಬ್ಬಿಣಕ್ಕಿಂತ ಮೊದಲು ತಾನೇ ಸವೆಯುತ್ತದೆ.

ಅಷ್ಟೊಂದು ಮಳೆ ಹೊಡೆಯುವ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಎದುರು ಕಬ್ಬಿಣದ ಕಂಬವೊಂದು ಬಯಲಲ್ಲೇ ನಿಂತಿದೆ. ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ. ಸುಮಾರು 1600 ವರ್ಷ ಹಳೆಯದಾದ ದೆಹಲಿಯ ಕಬ್ಬಿಣದ ಕಂಬದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೈಮೇಲೆ ಕಾಯುವ ಪೊರೆ ಕಟ್ಟಿದೆ ಎನ್ನುತ್ತಾರೆ. ಮೇಸ್ತ್ರಿ ತುಕ್ಕಿಗೆ ಹಚ್ಚಲು ತಂದ ದ್ರಾವಣದಲ್ಲಿದ್ದದ್ದೂ ರಂಜಕದ ಆಮ್ಲವೇ. ಕೋಲಾ ಪಾನೀಯದಲ್ಲೂ ಅದು ಚೂರು ಇರುತ್ತದೆ. ಮೊಮ್ಮಗಳು ತುಕ್ಕು ಹಿಡಿದ ಬೋಲ್ಟುಗಳನ್ನು ರಾತ್ರಿಯಿಡೀ ಕೋಲಾದಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಹೊಳೆಯಿಸಿದಳು. ಆ ಬಾಟಲಿಯನ್ನು ಅಡುಗೆಮನೆಗೆ ತರಬೇಡವೆಂದು ಮೂರು ಸಲ ಹೇಳಬೇಕಾಯಿತು.

ಕೆಲಸಕ್ಕೆ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜಿದೆವು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಉಜ್ಜಿದಲ್ಲಿ ಮರದ ಬಳೆಗಳಂತೆ ಬಣ್ಣದ ಸುತ್ತುಗಳು ಕಂಡವು. ಮೇಲೆ ಬಿಳಿ. ಅದರಡಿ ನೀಲಿ, ಅದು ಮಗನ ಮದುವೆಗೆ ಹೊಡೆಸಿದ್ದು. ಅದರಡಿ ಕಂದು. ತೀರ ಕೆಳಗೆ ಎಲೆಹಸಿರು, ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇದ್ದ ಬಣ್ಣ.

ಗ್ರೈಂಡರ್, ವೆಲ್ಡಿಂಗ್ ಎಲ್ಲ ಮೇಸ್ತ್ರಿಯವರದ್ದೇ. ಆಗ ನಾವು ಅಂಗಳ ಬಿಟ್ಟು ಆಚೆ. ದಬ್ ಎಂದದ್ದನ್ನು ಟಣ್ ಎನ್ನುವ ತಗಡು ಸಿಗುವವರೆಗೆ ಕತ್ತರಿಸಿದರು, ಒಂದು ಅಂಗುಲವೂ ಹೆಚ್ಚಿಲ್ಲ. ಹಾಸನದಿಂದ ತಂದ ಹದಿನೆಂಟು ಗೇಜಿನ, ಅಂದರೆ 1.2 ಮಿಲಿಮೀಟರ್ ದಪ್ಪದ ಶೀಟನ್ನು ಅಳತೆಗೆ ಕತ್ತರಿಸಿ ಕೂರಿಸಿದರು. ಒಂದೇ ಸಮ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ಮತ್ತೊಂದು ಚುಕ್ಕಿ. ನನಗೆ ರಂಗೋಲಿ ನೆನಪಾಯಿತು.

ಅಷ್ಟರಲ್ಲಿ ಮೇ ತಿಂಗಳ ಗುಡುಗು ಶುರುವಾಯಿತು. ಒಂದು ಸಂಜೆ ಉಜ್ಜಿ ಬೆಳ್ಳಗೆ ಮಾಡಿಟ್ಟ ತಗಡು ಬೆಳಿಗ್ಗೆಯ ಇಬ್ಬನಿಗೆ ಅರಿಸಿನ ಬಳಿದ ಹಾಗಾಗಿತ್ತು. “ನಮ್ ಆಲೂರ್ ಕಡೆ ಆದ್ರೆ ನಾಳೆ ನಾಡಿದ್ದು ಅನ್ಬೋದು ಅಮ್ಮಾವ್ರೆ, ನಿಮ್ಮಲ್ಲಿ ಆಗಲ್ಲ,” ಎಂದು ಮೇಸ್ತ್ರಿ ಮತ್ತೆ ಉಜ್ಜಿದರು. ಆಮೇಲೆ ಉಜ್ಜಿದ್ದಕ್ಕೆ ಆ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಬೀಳುತ್ತಿತ್ತು, ಬೆಳಕು ಕಡಿಮೆಯಾದರೆ ಮೊಮ್ಮಗಳು ಟಾರ್ಚ್ ಹಿಡಿಯುತ್ತಿದ್ದಳು.

ಎಡಗಡೆಯ ಪಕ್ಕದಲ್ಲಿ ಅಂಗೈಯಗಲದ ನೆಗ್ಗೊಂದಿದೆ. ಮಗ ಹುಟ್ಟಿದ ರಾತ್ರಿಯದು. ಜುಲೈ ಮಳೆ, ಹೆರಿಗೆ ನೋವು, ರಸ್ತೆಗೆ ಅಡ್ಡ ಬಿದ್ದ ಮರ. ನಮ್ಮ ಮನೆಯವರು ಕೊಂಬೆಗಳ ನಡುವೆಯೇ ಜೀಪು ನುಗ್ಗಿಸಿ ನನ್ನನ್ನು ಹಾಸನಕ್ಕೆ ಮುಟ್ಟಿಸಿದ್ದರು. ಅದನ್ನು ಎಬ್ಬಿಸಿ ಸಪಾಟು ಮಾಡಲೇ ಎಂದು ಮೇಸ್ತ್ರಿ ಕೇಳಿದಾಗ ನಾನು ಮಾತಾಡಲಿಲ್ಲ. ಅವರೇ ಸುತ್ತಿಗೆಯಲ್ಲಿ ಬಡಿದು ನೋಡಿದರು. ಟಣ್ ಎಂದಿತು. “ನೆಗ್ಗು ಕಬ್ಬಿಣಾನ ತಿನ್ನಲ್ಲ ಅಮ್ಮಾವ್ರೆ, ತುಕ್ಕು ತಿನ್ನುತ್ತೆ. ಇರ್ಲಿ ಬಿಡಿ,” ಎಂದು ಪುಟ್ಟಿ ಹಾಕದೆ ಪ್ರೈಮರ್ ಬಳಿದರು.

ಹಳೆಯ ತಗಡನ್ನು ಆದಷ್ಟು ಉಳಿಸುವುದಕ್ಕೆ ಕಾನೂನಿನ ಕಾರಣವೂ ಉಂಟು. 2021ರ ನಿಯಮದಂತೆ, ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲದಂತೆಯೇ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅಂಥದ್ದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಾಗಾಗಿ ನಾವಿನ್ನೂ ಅರ್ಜಿ ಹಾಕಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದವರ ಹಳೆಯ ಕಾರುಗಳನ್ನು ನೋಡಿ ನನಗೆ ಸಂತೋಷವಾದದ್ದು ನಿಜ. ಆದರೂ ನಮ್ಮ ಜೀಪು ತೋಟದ ದಾರಿಯಲ್ಲಿ ಕೆಸರು ಮೆತ್ತಿಕೊಂಡಿದ್ದರೇ ನನಗೆ ಸರಿ.

ಕೊನೆಗೆ ಎಲೆಹಸಿರೇ ಬಳಿದೆವು. ತಳದ ತೂತುಗಳಿಗೆ ಕಡ್ಡಿ ಹಾಕಿ ಬಿಡಿಸುವ ಕೆಲಸ ಈಗ ನನ್ನದು, ಭಾನುವಾರಕ್ಕೊಮ್ಮೆ. ಬೆಂಗಳೂರಿನಿಂದ ಫೋನು ಬಂದಾಗ ನನ್ನ ಮಂಡಿನೋವಿಗಿಂತ ಮೊದಲು ಆ ತೂತುಗಳ ವಿಚಾರಣೆಯಾಗುತ್ತದೆ. ಹಿಂಬಾಗಿಲು ಇನ್ನೂ ಬಾಕಿ ಇದೆ. ಅಲ್ಲಿ ಎರಡು ಸೀಮೆಸುಣ್ಣದ ಸುತ್ತು ಹಾಗೇ ಉಳಿದಿವೆ. ಕಾಫಿ ಕೊಯ್ಲು ಮುಗಿದ ಮೇಲೆ ಬರುತ್ತೇನೆಂದು ಮೇಸ್ತ್ರಿ ಹೇಳಿಹೋಗಿದ್ದಾರೆ.