ಇನ್ನೊಂದು ಸ್ಲಾಟ್ ಖಾಲಿ ಇದೆ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಎಲ್ಲಿರುತ್ತದೆ ಎಂದು ಹುಡುಕಬೇಕಾಗಿಲ್ಲ. ಬೀರುವಿನ ಮೇಲಿನ ಖಾನೆಯಲ್ಲಿ, ಮದುವೆ ಆಲ್ಬಮ್ಮುಗಳ ಪಕ್ಕದಲ್ಲಿ, ಕೊಂಡಾಗ ಕೊಟ್ಟ ಅದೇ ಕಪ್ಪು ಬ್ಯಾಗಿನೊಳಗೆ. ಮಗ ಎಂಜಿನಿಯರಿಂಗ್ ಸೇರಿದಾಗ ತಂದದ್ದು. ಅವನಿಗೆ ಕೆಲಸ ಸಿಕ್ಕ ಮೇಲೆ ಆಫೀಸಿನವರೇ ಬೇರೆ ಕೊಟ್ಟರು. 2020ರಲ್ಲಿ ಆನ್‌ಲೈನ್ ಕ್ಲಾಸು ಅಂತ ಒಮ್ಮೆ ಕೆಳಗಿಳಿಯಿತು, ಆಮೇಲೆ ಮತ್ತೆ ಮೇಲೆ. ಕೇಳಿದರೆ, "ಸ್ಲೋ ಆಗಿಹೋಗಿದೆ ಬಿಡಿ, ಅದಕ್ಕೂ ವಯಸ್ಸಾಯ್ತು" ಅನ್ನುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಫ್ಯಾನಿನಲ್ಲಿ ಧೂಳು ಕಟ್ಟಿರದಿದ್ದರೆ ಅದರ ಪ್ರೊಸೆಸರ್ ಹತ್ತು ವರ್ಷದ ಹಿಂದೆ ಎಷ್ಟು ಬೇಗ ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟೇ ಬೇಗ ಮಾಡುತ್ತದೆ. ಹೆಚ್ಚಾಗಿರುವುದು ನಾವು ಹೇರುವ ಹೊರೆ. ಆಗ 4 ಜಿಬಿ ರ‍್ಯಾಮ್ ಎಂದರೆ ಧಾರಾಳ. ಈಗ ಬ್ರೌಸರಿನಲ್ಲಿ ಹತ್ತು ಟ್ಯಾಬು ತೆರೆದು, ಜೊತೆಗೊಂದು ವಿಡಿಯೊ ಕಾಲ್ ಇಟ್ಟುಕೊಂಡರೆ 4 ಜಿಬಿ ಅಲ್ಲಿಗೇ ಮುಗಿಯುತ್ತದೆ.

ರ‍್ಯಾಮ್ ಅಂದರೆ ಏನು ಎಂದು ನಮ್ಮ ಅಕ್ಕ ಕೇಳಿದಾಗ ನನಗೆ ನೆನಪಾದದ್ದು ಅಷ್ಟಾವಧಾನ. ಅವಧಾನಿಯ ಎದುರು ಎಂಟು ಜನ ಪೃಚ್ಛಕರು. ಒಬ್ಬರು ಸಮಸ್ಯೆ ಕೊಡುತ್ತಾರೆ, ಇನ್ನೊಬ್ಬರು ದತ್ತಪದಿಗೆ ಪದಗಳನ್ನು, ಮತ್ತೊಬ್ಬರು ನಿಷೇಧಾಕ್ಷರಿಯಲ್ಲಿ ಹೆಜ್ಜೆಹೆಜ್ಜೆಗೂ ಅಕ್ಷರ ತಡೆಯುತ್ತಾರೆ, ನಡುನಡುವೆ ಅಪ್ರಸ್ತುತಪ್ರಸಂಗದವರು ಸಂಬಂಧವಿಲ್ಲದ ಪ್ರಶ್ನೆ ಎಸೆಯುತ್ತಾರೆ. ಅವಧಾನಿ ಕಟ್ಟುವುದು ಒಂದು ಸುತ್ತಿಗೆ ಪ್ರತಿ ಪದ್ಯದ ಒಂದು ಸಾಲು. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ಎಲ್ಲ ಪದ್ಯಗಳ ಎಲ್ಲ ಸಾಲುಗಳೂ ಕೊನೆಯಲ್ಲಿ ಅವನ್ನೆಲ್ಲ ಒಪ್ಪಿಸುವ ಧಾರಣದವರೆಗೆ ತಲೆಯಲ್ಲೇ ಇರಬೇಕು. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಎಂಟರ ಜಾಗದಲ್ಲಿ ನೂರು. ಅವಧಾನಿಯ ಧಾರಣಶಕ್ತಿ ಏನು ಮಾಡುತ್ತದೋ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಅದನ್ನು ಮಾಡುತ್ತದೆ. ಧಾರಣಕ್ಕೆ ಜಾಗ ಸಾಲದೆ ಅವಧಾನಿ ಪ್ರತಿ ಸಾಲಿಗೂ ಎದ್ದುಹೋಗಿ ಒಳಕೋಣೆಯ ಪುಸ್ತಕ ತೆರೆದು ನೋಡಿ ಬರಬೇಕಾಗಿದ್ದರೆ ಸಭೆ ಎಷ್ಟು ಹೊತ್ತು ಕಾಯಬೇಕಾಗುತ್ತಿತ್ತು, ಯೋಚಿಸಿ. 4 ಜಿಬಿ ತುಂಬಿದ ಲ್ಯಾಪ್‌ಟಾಪು ಮಾಡುವುದು ಇದೇ ಓಡಾಟ. ಹಿಡಿಯದ ಮಾಹಿತಿಯನ್ನು ಹಾರ್ಡ್ ಡಿಸ್ಕಿಗೆ ಬರೆಯುತ್ತದೆ, ಬೇಕಾದಾಗ ಅಲ್ಲಿಂದ ತರುತ್ತದೆ. ರ‍್ಯಾಮಿನಿಂದ ಒಂದು ಮಾಹಿತಿ ತೆಗೆಯಲು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ನೂರರಲ್ಲೊಂದು ಪಾಲು ಬೇಕು. ಲಕ್ಷ ಪಟ್ಟು ವ್ಯತ್ಯಾಸ. ನಾವು "ಹ್ಯಾಂಗ್ ಆಯ್ತು" ಅನ್ನುವಾಗ ಪಾಪ, ಅದು ಓಡಾಡುತ್ತಿರುತ್ತದೆ.

ಅಕ್ಕ ಇರುವುದು ವಿಜಯನಗರದಲ್ಲಿ. ನಿವೃತ್ತಿಯಾದ ಮೇಲೆ ಹಳೆಯ ಕನ್ನಡ ಪುಸ್ತಕಗಳನ್ನು ವಿಕಿಸೋರ್ಸ್ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಟೈಪು ಮಾಡುವ ಕೆಲಸ ಹಿಡಿದಿದ್ದಾಳೆ. ಒಂದು ಕಡೆ ಸ್ಕ್ಯಾನು ಮಾಡಿದ ಪುಟ, ಇನ್ನೊಂದು ಕಡೆ ಟೈಪಿಸುವ ಜಾಗ, ಅನುಮಾನ ಬಂದರೆ ನೋಡಲು ನಿಘಂಟಿನ ಟ್ಯಾಬು. ಯಂತ್ರ 2014ರದ್ದು, ಇಂಟೆಲ್ಲಿನ ನಾಲ್ಕನೆಯ ತಲೆಮಾರಿನ ಐ3. ನಮ್ಮ ಅಕ್ಷರಗಳ ಲೆಕ್ಕ ಇಲ್ಲಿ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದ ಲೆಕ್ಕ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು. 'ಕ್ಷ' ಬರೆಯಲು ಕ, ವಿರಾಮ, ಷ ಸೇರಿ ಒಂಬತ್ತು ಬೈಟು. ಆದರೂ ಸಾವಿರ ಪುಟದ ಕನ್ನಡ ಕಾದಂಬರಿಯೊಂದರ ಅಕ್ಷರಗಳೆಲ್ಲ ಸೇರಿ ಆರೇಳು ಎಂಬಿ ದಾಟುವುದಿಲ್ಲ. ಅಂಥ ಐನೂರು ಕಾದಂಬರಿ 4 ಜಿಬಿಯಲ್ಲಿ ಹಿಡಿಸುತ್ತವೆ. ಅಕ್ಕನ ಯಂತ್ರಕ್ಕೆ ಭಾರವಾದದ್ದು ಕನ್ನಡವಲ್ಲ. ಪುಟದ ಚಿತ್ರ, ಬ್ರೌಸರು, ಹಿಂದೆ ಕೂತು ತಾನಾಗಿ ನಡೆಯುವ ಹತ್ತಾರು ತಂತ್ರಾಂಶಗಳು.

ಅವಳ ಮಗಳು ಕೆಂಗೇರಿಯ ಕಡೆ ಕಾಲೇಜಿಗೆ ಹೋಗುತ್ತಾಳೆ. "ಮಾಮ, ಟಾಸ್ಕ್ ಮ್ಯಾನೇಜರ್ ನೋಡಿದೆ, ಎರಡರಲ್ಲಿ ಒಂದೇ ಸ್ಲಾಟ್ ತುಂಬಿದೆ" ಅಂತ ಫೋನು ಮಾಡಿದಳು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್ ಕೂರುವ ಸ್ಲಾಟು ಎಷ್ಟಿವೆ, ಎಷ್ಟು ತುಂಬಿವೆ ಎಂದು ಅಲ್ಲೇ ಬರೆದಿರುತ್ತದೆ. ರ‍್ಯಾಮ್ ಹೆಚ್ಚಿಸಲು ಅಂಗಡಿಗೆ ಹೋಗುವ ಮೊದಲು ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಯಾವ ಜಾತಿಯ ರ‍್ಯಾಮ್ ಸ್ಟಿಕ್ ಎಂದು ತಿಳಿಯುವುದು. ಲ್ಯಾಪ್‌ಟಾಪಿನ ಡಿಡಿಆರ್3 ಸ್ಟಿಕ್ಕಿಗೆ 204 ಪಿನ್ನು, ಡಿಡಿಆರ್4ಕ್ಕೆ 260. ನಡುವಿನ ಕಚ್ಚಿನ ಜಾಗವೂ ಬೇರೆ, ಒಂದು ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ. ಎಚ್ಚರ ಬೇಕಾಗಿರುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡೂ ಒಂದೇ ಅಚ್ಚು, ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎರಡನೆಯದಕ್ಕೆ 1.35 ಸಾಕು. ಅಕ್ಕನದರಂಥ ಯಂತ್ರ ಕೇಳುವುದು 'ಎಲ್' ಇರುವುದನ್ನೇ.

ವಿಜಯನಗರದಿಂದ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಈಗ ಹೋಗುವುದು ಸಲೀಸು. ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್, ಆಮೇಲೆ ನಡಿಗೆ. ಆ ರಸ್ತೆಯ ಅಂಗಡಿಗಳವರ ಮೇಲೆ ನನಗೆ ನಿಜವಾದ ಗೌರವ. ಕೌಂಟರಿನ ಹುಡುಗ ಮಾಡೆಲ್ ನಂಬರು ಕೇಳಿದವನೇ, "ಡಿಡಿಆರ್ ತ್ರೀ ಎಲ್ ಸಾರ್, ಹೊಸದು ಬರೋದು ಕಮ್ಮಿ, ಪುಲ್ಔಟ್ ಕೊಡ್ತೀನಿ, ಇಲ್ಲೇ ಹಾಕಿ ತೋರಿಸ್ತೀನಿ" ಅಂದ. ಪುಲ್ಔಟ್ ಅಂದರೆ ಕೆಟ್ಟ ಯಂತ್ರದಿಂದ ಕಳಚಿದ, ಇನ್ನೂ ಚೆನ್ನಾಗಿರುವ ಸ್ಟಿಕ್. ಮೊದಲು ಬ್ಯಾಟರಿ ತೆಗೆದ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದ. ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದ; ಎರಡೂ ಪಕ್ಕದ ಕ್ಲಿಪ್ಪು ಟಕ್ ಅಂದವು. ನಾಲ್ಕರ ಜೊತೆ ಎಂಟು ಸೇರಿ ಹನ್ನೆರಡು ಜಿಬಿ. ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿಯನ್ನೂ ಹಾಕಿಸಿದೆವು.

ಆ ಎಂಟು ಜಿಬಿಯ ಸ್ಟಿಕ್ಕನ್ನು ಅಂಗೈ ಮೇಲಿಟ್ಟುಕೊಂಡು ನೋಡುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಐಬಿಎಂನಲ್ಲಿದ್ದ ರಾಬರ್ಟ್ ಡೆನಾರ್ಡ್‌ಗೆ 1966ರಲ್ಲಿ ಹೊಳೆದದ್ದು ಒಂದು ಸರಳ ಉಪಾಯ: ಒಂದು ಬಿಟ್ಟಿಗೆ ಒಂದೇ ಟ್ರಾನ್ಸಿಸ್ಟರು, ಒಂದೇ ಕೆಪಾಸಿಟರು. 1968ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. 1970ರಲ್ಲಿ ಇಂಟೆಲ್ ತಂದ 1103 ಎಂಬ ಚಿಪ್ಪಿನಲ್ಲಿ ಮೆಮೊರಿ ಕೋಶಗಳು ಬರೀ 1,024. ನಮ್ಮ ಸ್ಟಿಕ್ಕಿನಲ್ಲಿ ಸುಮಾರು 6,900 ಕೋಟಿ. ಕೆಪಾಸಿಟರಿನ ವಿದ್ಯುತ್ತು ಸೋರಿಹೋಗುತ್ತಲೇ ಇರುವುದರಿಂದ ಅಷ್ಟೂ ಕೋಶಗಳನ್ನು ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು ಓದಿ ಮತ್ತೆ ತುಂಬುತ್ತಿರಬೇಕು. ಅಕ್ಕ ಒಂದು ಒತ್ತಕ್ಷರ ಯೋಚಿಸುವಷ್ಟರಲ್ಲಿ ಒಳಗೆ ಇಷ್ಟು ಕೆಲಸ ಆಗಿರುತ್ತದೆ. ಇಂಥದನ್ನು ಬೀರುವಿನಲ್ಲಿ ಮಲಗಿಸಿಡಲು ಮನಸ್ಸು ಬರುವುದಾದರೂ ಹೇಗೆ?

ನನ್ನ ಸಿಟ್ಟಿರುವುದು ಬೇರೆ ಕಡೆ. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಸ್ಲಾಟೇ ಇಲ್ಲ, ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 2008ರ ಮ್ಯಾಕ್‌ಬುಕ್ ಏರ್‌ನಲ್ಲೇ ಹೀಗಿತ್ತು. ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಬೆಸುಗೆ ಹಾಕಿದರೆ ಕೆಲವು ಬಗೆಯ ಮೆಮೊರಿ ಹೆಚ್ಚು ವೇಗವಾಗಿ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ ಎಂಬುದು ನಿಜವೇ. ಆದರೆ ಕೊಂಡ ದಿನದ 8 ಜಿಬಿಯೇ ಅದರ ಹಣೆಬರಹವಾಗಿಬಿಡುತ್ತದಲ್ಲ! ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸುಟ್ಟ ಮೋಟಾರಿಗೆ ಹೊಸ ವೈಂಡಿಂಗ್ ಸುತ್ತಿ, ಸವೆದ ಶಾಫ್ಟನ್ನು ಲೇತಿಗೆ ಹಾಕಿ ಮತ್ತೆ ಹತ್ತು ವರ್ಷ ಓಡಿಸುವುದನ್ನು ನೋಡಿ ಬೆಳೆದವರು ನಾವು. ಬಿಚ್ಚಲಾಗದ ವಸ್ತುವನ್ನು ದುಡ್ಡು ಕೊಟ್ಟು ತರುವುದು ನನಗಂತೂ ಒಗ್ಗುವುದಿಲ್ಲ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನ ಬೆಲೆಯ ಜೊತೆ ಅದು ಎಷ್ಟರ ಮಟ್ಟಿಗೆ ರಿಪೇರಿಯಾಗುತ್ತದೆ ಎಂಬ ಅಂಕವನ್ನೂ ತೋರಿಸಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷ ಒಂದು ಪೋರ್ಟಲ್ಲನ್ನೂ ತೆರೆಯಿತು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಆ ಅಂಕ ಕಾಣುವವರೆಗೂ ಹೋಗಬೇಕು ಇದು.

ಇನ್ನು ಬೆಲೆಯ ಮಾತು. 2025ರ ಕೊನೆಯಿಂದ ಮೆಮೊರಿ ದುಬಾರಿಯಾಗಿದೆ. ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರುಗಳು ಸಿಕ್ಕಷ್ಟನ್ನೂ ಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಹೀಗಿರುವಾಗ ಎಸ್.ಪಿ. ರೋಡಿನ ಪುಲ್ಔಟ್ ಡಬ್ಬಿಗಳಿಗೆ ಬೆಲೆ ಬಂದಿದೆ, ಬೀರುವಿನಲ್ಲಿರುವ ಯಂತ್ರಗಳಿಗೂ ಬಂದಿದೆ.

ಅಕ್ಕನ ಯಂತ್ರಕ್ಕೆ ಇನ್ನೊಂದು ತೊಡಕಿತ್ತು: ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು, ವಿಂಡೋಸ್ 11 ಅದರ ತಲೆಮಾರಿನ ಪ್ರೊಸೆಸರನ್ನು ಒಪ್ಪುವುದಿಲ್ಲ. ಅಕ್ಕನ ಮಗಳೇ ಕೂತು ಲಿನಕ್ಸ್ ಮಿಂಟ್ ಹಾಕಿಕೊಟ್ಟಳು. ಅದರೊಳಗೆ ಕಗಪ ಕೀಲಿಮಣೆ ಮೊದಲೇ ಇದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದ ಅಕ್ಕ ಹೊಸದಾಗಿ ಹೆಚ್ಚೇನೂ ಕಲಿಯಬೇಕಾಗಲಿಲ್ಲ. ಈಗ ಸ್ಕ್ಯಾನು, ನಿಘಂಟು, ಟೈಪಿಂಗು ಮೂರೂ ಒಟ್ಟಿಗೆ ತೆರೆದಿರುತ್ತವೆ, ಹಿನ್ನೆಲೆಯಲ್ಲಿ ಹಾಡೂ ಇರುತ್ತದೆ.

ಏನು ಮಾಡಿದರೂ ಏಳದ ಯಂತ್ರಗಳೂ ಇರುತ್ತವೆ, ಬೋರ್ಡೇ ಸುಟ್ಟುಹೋದವು. ಅವನ್ನು ಗುಜರಿಗೆ ಹಾಕಬೇಡಿ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಕಂಪನಿ 2005ರಿಂದ ಇ-ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವ ಕೆಲಸ ಮಾಡುತ್ತಿದೆ. ಅಂಥ ಅಧಿಕೃತ ಜಾಗಕ್ಕೆ ಕೊಡಿ. ಕೊಡುವ ಮೊದಲು ಡಿಸ್ಕನ್ನೂ ರ‍್ಯಾಮನ್ನೂ ಕಳಚಿಟ್ಟುಕೊಳ್ಳಿ. ಸ್ಟಿಕ್ಕಿನ ಮೇಲೆ ಪಿಸಿ3ಎಲ್ ಎಂದು ಬರೆದಿದ್ದರೆ ಅದೇ ಡಿಡಿಆರ್3ಎಲ್. ವಿಕಿಸೋರ್ಸಿಗೆ ಟೈಪು ಮಾಡುವ ಅಕ್ಕನ ಗೆಳತಿಯರಲ್ಲಿ ಇಬ್ಬರಿಗೆ ಈಗಲೇ ಬೇಕಾಗಿದೆ.