ಟಾಲಿನ್‌ನಿಂದ ಅಪ್ಪನಿಗೆ

ಅಪ್ಪಾ,

ಇಲ್ಲಿ ಚಳಿ ಜಾಸ್ತಿ, ಆದರೆ ಊರು ಚೆಂದ. ತಾಲ್ಲೂಕು ಕಚೇರಿಯಲ್ಲೇ ಆಯುಷ್ಯ ಸವೆಸಿದ ನಿಮಗೆ ಊರಿನ ವರ್ಣನೆಗಿಂತ ಇಲ್ಲಿಯ ಆಡಳಿತದ ಸುದ್ದಿಯೇ ಇಷ್ಟವಾದೀತು ಎಂದು ಅದನ್ನೇ ಬರೆಯುತ್ತಿದ್ದೇನೆ.

ಟೂಂಪಿಯಾ ಗುಡ್ಡದ ಮೇಲೆ ಸ್ಟೆನ್‌ಬಾಕ್ ಭವನವಿದೆ. ಎಸ್ಟೋನಿಯಾದ ಸಚಿವ ಸಂಪುಟ ಸೇರುವುದು ಅಲ್ಲೇ. 2000ನೇ ಇಸವಿಯಿಂದಲೂ ಅದು ಕಾಗದವಿಲ್ಲದ ಸಭೆ. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಆಕ್ಷೇಪ ಎಂದು ಸಚಿವರು ಮುಂಚೆಯೇ ಕಂಪ್ಯೂಟರಿನಲ್ಲಿ ಗುರುತು ಹಾಕಿರುತ್ತಾರೆ. ತಕರಾರಿಲ್ಲದ ವಿಷಯ ಚರ್ಚೆಯಿಲ್ಲದೆ ಮುಂದೆ ಹೋಗುತ್ತದೆ. ಮರುವರ್ಷವೇ ಇಲಾಖೆಗಳನ್ನು ಜೋಡಿಸುವ ಎಕ್ಸ್-ರೋಡ್ ಎಂಬ ವ್ಯವಸ್ಥೆ ಬಂತು. ಪ್ರತಿ ಇಲಾಖೆಯ ದಾಖಲೆ ಅದರದರ ಹತ್ತಿರವೇ ಇರುತ್ತದೆ, ಬೇಕಾದಾಗ ಇನ್ನೊಂದು ಇಲಾಖೆ ಅಲ್ಲಿಂದ ತರಿಸಿಕೊಳ್ಳುತ್ತದೆ. ಒಮ್ಮೆ ಕೊಟ್ಟ ಮಾಹಿತಿಯ ನಕಲು ಹಿಡಿದು ಜನ ಕಿಟಕಿಯಿಂದ ಕಿಟಕಿಗೆ ಅಲೆಯಬೇಕಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ತನ್ನ ದಾಖಲೆಯನ್ನು ಯಾವ ಕಚೇರಿ ತೆರೆದು ನೋಡಿತು ಎಂಬುದನ್ನು ಪ್ರಜೆ ತಾನೇ ನೋಡಿಕೊಳ್ಳಬಹುದು! ಅಧಿಕಾರಿ ಪ್ರಜೆಯನ್ನು ನೋಡುವುದು ಎಲ್ಲ ಕಡೆಯೂ ಇದೆ. ಪ್ರಜೆಯೂ ಅಧಿಕಾರಿಯ ಮೇಲೆ ಕಣ್ಣಿಡುವುದು ದೊಡ್ಡ ಮಾತು.

ಆದರೆ ಇಂಥ ಸುಧಾರಣೆಗಳ ಬಗ್ಗೆ ಯುರೋಪಿನ ಹಿರಿಯ ಅಧಿಕಾರಿಗಳಿಗೆ ಪೂರ್ತಿ ಸಮಾಧಾನವಿರಲಿಲ್ಲ. ಕೋಕಾಪ್ಸ್ ಎಂಬ ಸಂಶೋಧನಾ ಯೋಜನೆಯವರು 2012ರ ಸುಮಾರಿಗೆ ಹಲವು ದೇಶಗಳ ಉನ್ನತ ಅಧಿಕಾರಿಗಳ ಅಭಿಪ್ರಾಯ ಕೇಳಿದ್ದರು. ಅದರ ಮೇಲೆ ಬರೆದ ಪುಸ್ತಕ 2016ರಲ್ಲಿ ಬಂದಿದೆ. ಉತ್ತರಿಸಿದವರು 6,000ಕ್ಕೂ ಹೆಚ್ಚು. ಡಿಜಿಟಲ್ ಸೇವೆ, ಪಾರದರ್ಶಕತೆ ಬೆಳೆದಿವೆ, ಸೇವೆಯ ಗುಣಮಟ್ಟ ಸುಧಾರಿಸಿದೆ ಎಂದು ಬಹಳ ಮಂದಿ ಒಪ್ಪಿದ್ದರು. ಆದರೆ ಸುಧಾರಣೆ ಮೇಲಿನಿಂದ ಇಳಿದು ಬರುತ್ತದೆ, ಅದರ ಹಿಂದೆ ಖರ್ಚು ಕಡಿತದ ಒತ್ತಡವೇ ಹೆಚ್ಚು, ಸಾರ್ವಜನಿಕರು ಅದರಲ್ಲಿ ಭಾಗಿಯಾಗುವುದು ಕಡಿಮೆ ಎಂದಿದ್ದರು. ಸಿಬ್ಬಂದಿಯ ಉತ್ಸಾಹ, ಜನರ ವಿಶ್ವಾಸ ಇವೆರಡೂ ಕುಗ್ಗಿವೆ ಎಂಬುದೇ ಅವರ ದೊಡ್ಡ ಕೊರಗಾಗಿತ್ತು. ಅದು 2008ರ ಆರ್ಥಿಕ ಕುಸಿತದ ಬಿಸಿ ಇನ್ನೂ ಆರದ ಕಾಲ, ನಿಜ. ಹಾಗೆಂದು ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಹೇಳಿದವರು ಆಡಳಿತದ ತುದಿಯಲ್ಲಿ ಕೂತವರೇ ಅಲ್ಲವೇ? ಅವರಿಗೇ ಹೀಗೆನ್ನಿಸಿದರೆ ಕೆಳಗಿನ ಗುಮಾಸ್ತರ ಪಾಡೇನು?

ಇದನ್ನು ಓದಿ, ನಮ್ಮ ಕರ್ನಾಟಕದಲ್ಲಿ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತ ಕಾಲ ನೆನಪಾಯಿತು. ಯಾವ ಊರಿನ ವಹಿಯಲ್ಲಿ ಹೆಸರು ತಪ್ಪಿದೆ, ಯಾವ ಸರ್ವೆ ನಂಬರಿನ ಹಿಸ್ಸೆ ಗೋಜಲಾಗಿದೆ ಎಂದು ಬಾಯಲ್ಲೇ ಹೇಳುತ್ತಿದ್ದವರು ನೀವು, ನಿಮ್ಮ ಜೊತೆಗಿದ್ದ ಗ್ರಾಮ ಲೆಕ್ಕಿಗರು. ಆ ತಿಳಿವಳಿಕೆ ಯಾವ ಯಂತ್ರದಲ್ಲೂ ಸಿದ್ಧವಾಗಿ ಇರುವುದಿಲ್ಲ. ಸುಧಾರಣೆಯ ಮೊದಲ ದಿನವೇ ಅಂಥವರನ್ನು ಕೂರಿಸಿ ಕೇಳಬೇಕು. ಖರ್ಚು ಉಳಿಯುವುದು ಆಮೇಲಿನ ಮಾತು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಆ ದಿನಗಳ ಬಗ್ಗೆ ನಿಮಗೆ ನೆನಪಿರುವುದನ್ನೆಲ್ಲ ಬರೆದು ಕಳಿಸಿ. ನಾಳೆ ಹಡಗಿನಲ್ಲಿ ಹೆಲ್ಸಿಂಕಿಗೆ ಹೊರಡುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು