ಯಮನ್‌ನಿಂದ ಕಲ್ಯಾಣಿಗೆ

ಬೆಳಗಿನ ಆರು ಗಂಟೆ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲು ಇನ್ನೂ ತಣ್ಣಗಿದೆ. ತೊಡೆಯ ಮೇಲೆ ಸ್ವರ ಬರೆಯುವ ಪುಸ್ತಕ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ. ಎರಡು ಮೆಟ್ಟಿಲು ಕೆಳಗೆ ಅಜ್ಜಿಯೊಬ್ಬರು ಕಾಲು ತೊಳೆಯುತ್ತಿದ್ದಾರೆ. ಗುಡಿಯ ಕಡೆಯಿಂದ ನಾಗಸ್ವರದ ಒಂದೆಳೆ ನೀರಿನ ಮೇಲೆ ಹಾದು ಬರುತ್ತದೆ.

ಬೀಬಿ ನಾಚಿಯಾರಳ ಕಥೆಯನ್ನು ಮಾತಿಲ್ಲದೆ ವಾದ್ಯವೃಂದಕ್ಕೆ ಕೂಡಿಸುತ್ತಿದ್ದೇನೆ. ಊರಿಗೆಲ್ಲ ಗೊತ್ತಿರುವ ಐತಿಹ್ಯ: ದಿಲ್ಲಿ ಸುಲ್ತಾನನ ಮಗಳು ಬೊಂಬೆಯಂತೆ ಆಡಿಸುತ್ತಿದ್ದ ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ರಾಮಾನುಜಾಚಾರ್ಯರು ಇಲ್ಲಿಗೆ ತಂದರು. ಅವನನ್ನು ಬಿಟ್ಟಿರಲಾರದೆ ಅವಳೂ ಬೆನ್ನಿಗೇ ಹೊರಟುಬಂದಳು, ಅವನಲ್ಲಿ ಐಕ್ಯಳಾದಳು. ಸ್ವಾಮಿಯ ಪಾದದ ಬಳಿ ಇವತ್ತಿಗೂ ಅವಳ ಪುಟ್ಟ ವಿಗ್ರಹವಿದೆ.

ಆ ದೂರದ ದಾರಿಯನ್ನು ಮೊದಲು ಕುದುರೆ ಗೊರಸಿನ ಲಯದಲ್ಲಿ ಬರೆದಿದ್ದೆ. ಸದ್ದು ಬಂತು, ಪ್ರೀತಿ ಬರಲಿಲ್ಲ. ನಿನ್ನೆ ಸಂಜೆ ಪು.ತಿ.ನ. ಅವರ ಮನೆಯ ಮುಂದೆ ನಿಂತಾಗ ತಪ್ಪು ತಿಳಿಯಿತು. 1905ರಲ್ಲಿ ಇದೇ ಊರಲ್ಲಿ ಹುಟ್ಟಿದ ಅವರು ತಮ್ಮ ಗೀತನಾಟಕಗಳಿಗೆ ತಾವೇ ಮಟ್ಟು ಕಟ್ಟಿದವರು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ನನಗೆ ಗುರುವಾದದ್ದು ‘ಗೋಕುಲ ನಿರ್ಗಮನ’. ಕೃಷ್ಣ ಮಧುರೆಗೆ ಹೊರಡುವ ಆ ನಾಟಕದಲ್ಲಿ ರಥದ ಸದ್ದಿಗಿಂತ ಕೊಳಲು ಕಾಡುತ್ತದೆ.

ಗೊರಸನ್ನೆಲ್ಲ ಅಳಿಸಿದೆ. ಈಗ ಉಳಿದಿರುವುದು ಒಂದೇ ಎಳೆ. ಉತ್ತರದ ಯಮನ್, ನಮ್ಮ ಕಲ್ಯಾಣಿ; ಎರಡಕ್ಕೂ ಅವೇ ಏಳು ಸ್ವರ, ಅದೇ ಪ್ರತಿಮಧ್ಯಮ. ದಿಲ್ಲಿಯಲ್ಲಿ ಸಾರಂಗಿ ಗಾಂಧಾರವನ್ನು ಅಲುಗದಂತೆ ಹಿಡಿಯುತ್ತದೆ. ನಡುದಾರಿಯಲ್ಲಿ ಪಿಟೀಲುಗಳು ಅದನ್ನೇ ಎತ್ತಿಕೊಳ್ಳುತ್ತವೆ, ಗಾಂಧಾರ ಸಣ್ಣಗೆ ಕಂಪಿಸತೊಡಗುತ್ತದೆ. ಹುಡುಗಿ ಸ್ವರ ಬಿಟ್ಟುಕೊಡುವುದಿಲ್ಲ, ಗಮಕ ಕಲಿಯುತ್ತಾಳೆ. ಕಡೆಗೆ ವೇದಿಕೆಯಾಚೆಯಿಂದ, ಈಗ ಕೇಳುತ್ತಿರುವಷ್ಟೇ ದೂರದಿಂದ, ನಾಗಸ್ವರ.

ಗಾಂಧಾರದ ಮೇಲೆ ಪೆನ್ಸಿಲ್ಲಿನಿಂದ ಒಂದು ಅಲೆಗೆರೆ ಎಳೆಯುತ್ತೇನೆ.

“ಏನಪ್ಪಾ ಬರೀತಿದ್ದೀಯ?” ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಿದ್ದಾರೆ.

“ಬೀಬಿ ನಾಚಿಯಾರಮ್ಮನ ಸಂಗೀತ, ಅಜ್ಜಿ.”

“ನಮ್ಮಮ್ಮಂದಾ? ಹಾಡು, ಕೇಳಣ.”

ಅವರು ಪಕ್ಕದಲ್ಲೇ ಕೂರುತ್ತಾರೆ. ನಾನು ಶ್ರುತಿಪೆಟ್ಟಿಗೆ ಹಾಕಿ, ಗಾಂಧಾರ ಹಿಡಿಯುತ್ತೇನೆ.